ಥರ್ಜತ್ತೆಯ ಅರ್ಧ ಗೋಡೆ

ಥರ್ಜಾ ಕೋಲ್ಬಿಗೆ ಮದುವೆಯಾಗಿರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ಹಾಗೆ ನೋಡಿದರೆ ಅವಳನ್ನು ಅತ್ತೆ ಎನ್ನುವ ಹಕ್ಕು ಒಂದು ನರಪಿಳ್ಳೆಗೂ ಇರಲಿಲ್ಲ. ಆದರೂ ವರ್ಮಾಂಟಿನ ಗುಡ್ಡಗಳ ನಡುವಿನ ನಮ್ಮ ಕಾರ್ಲಿಸ್ ಊರಿನಲ್ಲಿ ಹಾಲಿನ ಲಾರಿಯವನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರಿಗೂ ಅವಳು ಥರ್ಜತ್ತೆಯೇ. ದೊಡ್ಡಮ್ಮ ಎನ್ನುತ್ತಿದ್ದವಳು ತಂಗಿಯ ಮಗಳು ಮಾರ್ಜರಿ ಒಬ್ಬಳು. ಅವಳು ಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಕೂತಲ್ಲಿಂದ ಫೋನಿನಲ್ಲೇ ಲೋಕವನ್ನೆಲ್ಲ ಸರಿಮಾಡುವ ಪೈಕಿ.

ಥರ್ಜತ್ತೆಗೆ ಬಾಯಿ ಜೋರು, ತೋಳು ಇನ್ನೂ ಜೋರು. ಒಂದು ಸಲ ಶಾಲೆಯ ಪಿಯಾನೋವನ್ನು ಮೆಟ್ಟಿಲು ಹತ್ತಿಸಬೇಕಾಗಿತ್ತು. ನಾಲ್ಕು ಜನ ಗಂಡಸರು ಅದರ ಸುತ್ತ ನಿಂತು ಹಗ್ಗ ಎಲ್ಲಿ ಕಟ್ಟಬೇಕು, ಹಲಗೆ ಎಲ್ಲಿ ಇಡಬೇಕು ಎಂದು ಅರ್ಧ ಗಂಟೆ ಚರ್ಚೆ ಮಾಡಿದರು. ಈ ಮಹಾತಾಯಿ ಮೊಟ್ಟೆಬುಟ್ಟಿ ಕೆಳಗಿಟ್ಟು, ಹೆಗಲು ಕೊಟ್ಟು, "ನೀವು ಮಾತಾಡ್ತಾ ಇರಿ, ನಾನು ತಳ್ತೀನಿ" ಎಂದಳು. ಪಿಯಾನೋ ಮೇಲೆ ಹೋಯಿತು. "ನನ್ನ ಕೈಲಾಗಲ್ಲ" ಎಂಬ ಮಾತು ಅವಳ ಬಾಯಿಂದ ಹೊರಟದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಇಷ್ಟು ಹಟ ಒಬ್ಬ ಮನುಷ್ಯನಿಗೆ ಒಳ್ಳೆಯದೇ ಎಂದು ಕೇಳಿದರೆ ನಾನು ಅಲ್ಲ ಎಂದೇ ಹೇಳುತ್ತೇನೆ. ಆದರೆ ಅವಳ ಮುಂದೆ ಹೇಳುವ ಧೈರ್ಯ ಯಾರಿಗಿತ್ತು?

ಅವಳ ಜೀವವೆಲ್ಲ ಕುರಿಗಳ ಮೇಲೆ. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಏಸಾ ಕೋಲ್ಬಿ ತಾಯಿ ಸತ್ತ ಒಂದು ಮರಿಯನ್ನು ಅವಳ ಮಡಿಲಿಗೆ ಹಾಕಿದ್ದ. ಅಲ್ಲಿಂದ ಅರವತ್ತಾರನೇ ವಯಸ್ಸಿನವರೆಗೆ ಅವಳು ಕುರಿಯಿಲ್ಲದೆ ಒಂದು ದಿನ ಕಂಡವಳಲ್ಲ. ನಾನು ಹೇಳುತ್ತಿರುವ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ, ಹತ್ತೊಂಬತ್ತು ತಾಯಿಕುರಿ, ಇಪ್ಪತ್ತೇಳು ಮರಿ. ಪ್ರತಿಯೊಂದಕ್ಕೂ ಬೈಬಲ್ಲಿನ ಹೆಸರು. ಬೆಳಗ್ಗೆ ಎದ್ದು ಕೊಟ್ಟಿಗೆಯ ಬಾಗಿಲು ತೆಗೆದು ಅವುಗಳನ್ನು ಬೈದ ಮೇಲೆಯೇ ಅವಳಿಗೆ ಕಾಫಿ ಇಳಿಯುತ್ತಿದ್ದದ್ದು.

ಪಕ್ಕದ ಜಮೀನು ಓರಿನ್ ಗೇಜ್‌ನದು. ಅವಳಿಗಿಂತ ಎರಡು ವರ್ಷ ದೊಡ್ಡವನು, ಕಡ್ಡಿಯಂಥ ಆಳು, ಮಾತು ನಿಧಾನ. ಹೆಂಡತಿ ನೆಟ್ಟಿ ತೀರಿಕೊಂಡ ಮೇಲೆ ಹಸುಗಳನ್ನು ಮಾರಿ ಒಬ್ಬನೇ ಇದ್ದ. ಅವನಿಗೆ ಬಾಗಿಲು, ಬೀಗ, ಬೇಲಿ, ಗೋಡೆ ಯಾವುದರ ಮೇಲೂ ನಂಬಿಕೆಯಿಲ್ಲ. ಹಿಂದೊಮ್ಮೆ ಹಂದಿ ಸಾಕುವ ಹುಮ್ಮಸ್ಸಿನಲ್ಲಿ ಹುಲ್ಲುಗಾವಲಿನ ಸುತ್ತ ರಸ್ತೆಯುದ್ದಕ್ಕೂ ಒತ್ತು ಹೆಣಿಗೆಯ ತಂತಿಬಲೆ ಹಾಕಿಸಿದ್ದನೇನೋ ನಿಜ; ಹಂದಿ ಹೋದ ಮೇಲೆ ಅದರ ಗೇಟನ್ನು ಕಳಚಿ ಹುಲ್ಲಿನಲ್ಲಿ ಮಲಗಿಸಿದ್ದ. ಮನೆಯ ಮುಂಬಾಗಿಲು ಚಳಿಗಾಲ ಬಿಟ್ಟರೆ ಮುಚ್ಚುವುದೇ ಇಲ್ಲ. ಒಂದು ಅಳಿಲು ಅವನ ಅಡುಗೆಮನೆಯ ಗೂಡಿನಲ್ಲಿ ಮರಿ ಹಾಕಿದಾಗ, ಅವು ದೊಡ್ಡವಾಗುವ ತನಕ ಸಕ್ಕರೆ ಡಬ್ಬಿಯನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಂಡಿದ್ದ ಪುಣ್ಯಾತ್ಮ.

ಎರಡು ಜಮೀನಿನ ನಡುವೆ, ರಸ್ತೆಯ ಹತ್ತಿರದ ತಗ್ಗಿನಿಂದ ಗುಡ್ಡದ ನೆತ್ತಿಯವರೆಗೆ, ಎದೆಮಟ್ಟದ ಒಂದು ಕಲ್ಲುಗೋಡೆ. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು ಅಷ್ಟೆ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಗೋಡೆಯನ್ನು ಎತ್ತಿ ಕುಕ್ಕುತ್ತದೆ. ಹಿಮ ಕರಗಿದಾಗ ನೋಡಿದರೆ ಅಲ್ಲಲ್ಲಿ ಕಲ್ಲು ಬಾಯಿಬಿಟ್ಟು ಬಿದ್ದಿರುತ್ತವೆ. ಮೇಲಿನ ಅರ್ಧ ಗಟ್ಟಿ ಬಂಡೆಯ ಮೇಲಿತ್ತು. ಅಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಕಲ್ಲು ಉರುಳಿದರೆ ಹೆಚ್ಚು. ಕೆಳಗಿನ ಅರ್ಧ ಜೌಗುನೆಲ. ಅಲ್ಲಿ ಪ್ರತಿ ವರ್ಷವೂ ಗೋಡೆ ಮಕಾಡೆ ಮಲಗುತ್ತಿತ್ತು.

ಮೇಲಿನ ಅರ್ಧ ಥರ್ಜತ್ತೆಯದು, ಕೆಳಗಿನದು ಓರಿನ್‌ನದು. ಅಪ್ಪ ತೋರಿಸಿದ್ದು ಹಾಗೆ, ಅವಳು ಕಟ್ಟಿಕೊಂಡು ಬಂದದ್ದೂ ಹಾಗೆ. ಏಪ್ರಿಲ್ ಕೊನೆಯ ಶನಿವಾರ ಇಬ್ಬರೂ ಕೈಗವಸು ಹಾಕಿಕೊಂಡು ಬರುತ್ತಿದ್ದರು, ಅವಳು ಅವಳ ಕಡೆಯಿಂದ, ಅವನು ಅವನ ಕಡೆಯಿಂದ. ಅವಳ ಕೆಲಸ ಹತ್ತು ಗಂಟೆಗೆಲ್ಲ ಮುಗಿಯುತ್ತಿತ್ತು. ಆಮೇಲೆ ಡೋನಟ್ಟು ಮತ್ತು ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಡಬ್ಬಿ ಹಿಡಿದು ಕೆಳಗಿಳಿದು ಬಂದು, ಗೋಡೆಯ ಆಚೆ ಬೆವರು ಸುರಿಸುತ್ತಿದ್ದ ಓರಿನ್‌ನನ್ನು ನೋಡುತ್ತ ಕೂರುತ್ತಿದ್ದಳು. ಜಗಳ ಶುರುವಾಗುತ್ತಿದ್ದದ್ದು ಆಗಲೇ.

"ಈ ಗೋಡೆ ಯಾಕೆ ಬೇಕು ಹೇಳು ಥರ್ಜಾ," ಎನ್ನುತ್ತಿದ್ದ ಓರಿನ್, ಒಂದು ದೊಡ್ಡ ಕಲ್ಲನ್ನು ಹೊಟ್ಟೆಗೆ ಒತ್ತಿ ಎತ್ತುತ್ತ. "ನನ್ನ ಹತ್ರ ಹಸು ಇಲ್ಲ. ನಿನ್ನ ಕುರಿ ಬಂದು ನನ್ನ ಹುಲ್ಲು ತಿಂದ್ರೆ ಹುಲ್ಲಿಗೇನೂ ಬೇಜಾರಿಲ್ಲ."

"ಹುಲ್ಲಿಗೆ ಇಲ್ದೇ ಇರಬಹುದು, ನನಗಿದೆ. ನನ್ನ ಕುರಿ ಇನ್ನೊಬ್ಬರ ಹುಲ್ಲು ತಿನ್ನಬಾರದು."

"ತಿಂದ್ರೆ ಏನಾಗುತ್ತೆ?"

"ಋಣ ಆಗುತ್ತೆ. ಆ ಕಲ್ಲು ಸರಿಯಾಗಿ ಕೂತಿಲ್ಲ, ಅಲ್ಲಾಡ್ತಿದೆ ನೋಡು."

"ಕಟ್ಟೋನು ನಾನು, ಮೇಸ್ತ್ರಿ ನೀನು."

"ಗೋಡೆ ಅಂದ ಮೇಲೆ ಗೋಡೆ ಥರ ಇರಬೇಕು. ನಿನ್ನ ಮನೆ ಬಾಗಿಲ ಥರ ಅಲ್ಲ. ಅಳಿಲಿಗೆ ಬಾಡಿಗೆ ಕೇಳಿದ್ಯಾ, ಇಲ್ಲಾ ಧರ್ಮಕ್ಕೆ ಬಿಟ್ಯಾ?"

ಅವನು ನಗುತ್ತಿದ್ದ. ಕಲ್ಲು ಸರಿಮಾಡಿ ಕೂರಿಸುತ್ತಿದ್ದ. ಸಂಜೆಯವರೆಗೆ ಅವನ ಕೆಲಸ ಮುಗಿಯುತ್ತಿರಲಿಲ್ಲ, ಅವಳ ಬಾಯಿಯೂ ಮುಗಿಯುತ್ತಿರಲಿಲ್ಲ. ಅವನ ಪಾಲಿನ ಕಲ್ಲಿಗೆ ಅವಳು ಕೈ ಹಚ್ಚುತ್ತಿರಲಿಲ್ಲ. ಅವರವರ ಕೆಲಸ ಅವರವರೇ ಮಾಡಬೇಕೆಂಬುದು ಅವಳ ನಿಯಮ. ಡೋನಟ್ಟನ್ನು ಮಾತ್ರ ಗೋಡೆಯ ಮೇಲೆ ಮಧ್ಯದಲ್ಲಿಟ್ಟು ಸರಿಸುತ್ತಿದ್ದಳು.

ಆ ವರ್ಷ ಏಪ್ರಿಲ್ ಮೊದಲ ವಾರ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಥರ್ಜತ್ತೆಯ ಬಲಗೈ ಮುರಿಯಿತು. ಡಾಕ್ಟರು ಬೆರಳಿನಿಂದ ಮೊಣಕೈಯವರೆಗೆ ಪ್ಲಾಸ್ಟರ್ ಹಾಕಿ, ಈ ವಯಸ್ಸಿನ ಮೂಳೆ, ಇನ್ನು ಭಾರ ಎತ್ತುವುದನ್ನು ಮರೆತುಬಿಡಿ ಎಂದರು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಮಾರ್ಜರಿ ಡಾಕ್ಟರಿಗೇ ಫೋನು ಮಾಡಿ ಎಲ್ಲ ಬಾಯಿಬಿಡಿಸಿಕೊಂಡಳು.

"ದೊಡ್ಡಮ್ಮ, ಕುರಿ ಮಾರಿಬಿಡು," ಎಂದಳು.

"ನಿನ್ನ ತಲೆ ಮಾರು."

"ತಮಾಷೆ ಬೇಡ. ಗೋಡೆ ಬಿದ್ದು ಮರಿಗಳು ರಸ್ತೆಗೆ ಬಂದ್ರೆ ಒಂದು ಕೈಯಲ್ಲಿ ಏನ್ಮಾಡ್ತೀಯ?"

"ಬೀಳೋ ಗೋಡೆ ನಂದಲ್ಲ, ಓರಿನ್‌ದು. ಅವನು ಕಟ್ತಾನೆ. ಪ್ರತಿ ವರ್ಷ ಕಟ್ತಾನೆ."

"ಮೇ ಮುಗಿಯೋದ್ರೊಳಗೆ ಕಟ್ಟಿದ್ರೆ ಕುರಿ ನಿಂದು. ಇಲ್ಲಾಂದ್ರೆ ಜೂನ್ ಒಂದಕ್ಕೆ ನಾನೇ ಲಾರಿ ತರ್ತೀನಿ. ಸರೀನಾ?"

"ಸರಿ," ಎಂದುಬಿಟ್ಟಳು ಥರ್ಜತ್ತೆ. ಗೆದ್ದೇಬಿಟ್ಟೆ ಎಂಬ ಧೈರ್ಯದಲ್ಲಿ ಮಾತು ಕೊಟ್ಟಳು, ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದು ಮಾರ್ಜರಿಗೂ ಗೊತ್ತಿತ್ತು.

ಕೊನೆಯ ಶನಿವಾರ ಬಂತು. ಎಡಗೈಯಲ್ಲೇ ಎಳೆಯುತ್ತ, ಮೊಣಕಾಲು ಕೊಟ್ಟು ನೂಕುತ್ತ, ಅವಳು ಮೇಲಿನ ಅರ್ಧದ ಒಂಬತ್ತು ಕಲ್ಲುಗಳನ್ನು ಮೇಲೆ ಕೂರಿಸಿದಳು. ಮಧ್ಯಾಹ್ನವಾಯಿತು. ಕೆಳಗೆ ಬಂದು ನೋಡಿದರೆ ಓರಿನ್ ಇಲ್ಲ. ಗೋಡೆ ನಾಲ್ಕು ಕಡೆ ಬಾಯಿಬಿಟ್ಟುಕೊಂಡು ಬಿದ್ದಿದೆ. ಡೋನಟ್ಟಿನ ಡಬ್ಬಿಯನ್ನು ಗೋಡೆಯ ಮೇಲಿಟ್ಟು ಅವನ ಮನೆಯತ್ತ ಕೂಗಿದಳು. ಅವನು ಜಗಲಿಯ ಕುರ್ಚಿಯಿಂದ ಏಳಲಿಲ್ಲ.

"ಈ ವರ್ಷ ಕಟ್ಟಲ್ಲ ಥರ್ಜಾ," ಎಂದ.

"ಯಾಕೆ?"

"ಬೇಡ ಅನ್ನಿಸ್ತು. ಮೂವತ್ತು ವರ್ಷದಿಂದ ಹೇಳ್ತಾ ಇದೀನಿ. ಬಿಟ್ಟುಬಿಡೋಣ."

"ನಿನಗೆ ಬೇಡ ಅನ್ನಿಸಿದ್ರೆ ಆಯ್ತಾ? ನನ್ನ ಕುರಿ ಏನಾಗಬೇಕು?"

"ಈ ಕಡೆ ಬಿಡು, ಮೇಯಲಿ. ನಾನು ಗೇಟು ಹಾಕ್ಕೋತೀನಿ."

ಥರ್ಜತ್ತೆಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೈ ಮುರಿದ ವರ್ಷವೇ ನೋಡಿಕೊಂಡು ಇವನು ಗೋಡೆ ಬೇಡವೆಂದರೆ, ಅದರ ಅರ್ಥ ಏನು? ಪಾಪ, ಮುದುಕಿ, ಕೈಲಾಗದವಳು, ನನ್ನ ಹುಲ್ಲಿನಲ್ಲಿ ಮೇಯಿಸಿಕೊಳ್ಳಲಿ ಎಂದು ತಾನೆ? ಅನ್ನುವುದನ್ನೆಲ್ಲ ಅಂದಳು, ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಓರಿನ್ ಕೂಡ ಮುಖ ಕೆಂಪಗೆ ಮಾಡಿಕೊಂಡು, "ಅಷ್ಟು ಕಷ್ಟವಾದ್ರೆ ಬೇಲಿ ಪಂಚರನ್ನ ಕರೆಸು ಹೋಗು" ಎಂದ.

ನಮ್ಮ ಬೇಲಿ ಪಂಚರು ಎಂದರೆ ಊರಿಗೇ ಒಂದು ನಗೆ. ಪ್ರತಿ ಮಾರ್ಚಿನಲ್ಲಿ ಊರಸಭೆ ಸೇರಿದಾಗ ರಸ್ತೆ, ಶಾಲೆ, ತೆರಿಗೆ ಎಲ್ಲದಕ್ಕೂ ಹೊಡೆದಾಡಿ ಸುಸ್ತಾದ ಮೇಲೆ, ಕೊನೆಯಲ್ಲಿ ಬೇಲಿ ತಕರಾರು ತೀರಿಸುವ ಪಂಚರನ್ನು ಆರಿಸುತ್ತಾರೆ. ಯಾರು ಸಭೆಗೆ ಬಂದಿಲ್ಲವೋ, ಯಾರು ನಿದ್ದೆ ಮಾಡುತ್ತಿದ್ದಾರೋ ಅವರ ತಲೆಗೆ ಕಟ್ಟುವುದು ರೂಢಿ. ಆ ವರ್ಷದ ಪಂಚರು ಇಬ್ಬರು. ಮೇವಿನ ಅಂಗಡಿಯ ವೆಂಡೆಲ್ ಫೈಫೀಲ್ಡ್, ನಿದ್ದೆಯಲ್ಲಿ ಸಿಕ್ಕಿಬಿದ್ದು ಹನ್ನೆರಡು ವರ್ಷವಾಗಿತ್ತು, ಒಂದು ತಕರಾರನ್ನೂ ಕಂಡಿರಲಿಲ್ಲ. ಇನ್ನೊಬ್ಬಳು ಲೈಬ್ರರಿಯ ಯೂನಿಸ್ ಟಟಲ್. ಅವಳು ಎಚ್ಚರವಾಗಿದ್ದು, ಬೇಕೆಂದೇ ಒಪ್ಪಿಕೊಂಡವಳು. ಆ ಕೆಲಸದ ಬಗ್ಗೆ ಇದ್ದ ಕಾನೂನನ್ನೆಲ್ಲ ಓದಿ ಮುಗಿಸಿದ್ದಳು.

ಥರ್ಜತ್ತೆ ನಿಜವಾಗಿಯೂ ಅರ್ಜಿ ಕೊಟ್ಟಾಗ ವೆಂಡೆಲ್‌ಗೆ ನಂಬಲಿಕ್ಕಾಗಲಿಲ್ಲ. ಹೊಸ ಅಂಗಿ ಹಾಕಿಕೊಂಡು ಬಂದ. ಯೂನಿಸ್ ಕಾನೂನಿನ ಪುಸ್ತಕದ ಜೊತೆಗೆ ಊರಿನ ಹಳೆಯ ಬೇಲಿ ದಾಖಲೆಯನ್ನೂ ಕಂಕುಳಲ್ಲಿ ಹಿಡಿದು ತಂದಳು. ಮೇ ಇಪ್ಪತ್ತನಾಲ್ಕು, ಶನಿವಾರ ಬೆಳಗ್ಗೆ. ಮಾರ್ಜರಿಯ ಲಾರಿಗೆ ಒಂದು ವಾರ ಉಳಿದಿತ್ತು. ಅಷ್ಟರಲ್ಲಿ ಎರಡು ಮರಿಗಳು ಗೋಡೆಯ ಬಾಯಿಂದ ನುಸುಳಿ, ಓರಿನ್‌ನ ಗೇಟಿಲ್ಲದ ಗೇಟಿನಿಂದ ರಸ್ತೆಗೆ ಹೋಗಿ, ಹಾಲಿನ ಲಾರಿಯವನು ಬ್ರೇಕು ಹಾಕಿ ಉಳಿಸಿದ್ದಾಗಿತ್ತು. ಥರ್ಜತ್ತೆ ಸಣ್ಣ ಬಾಯಿಗಳಿಗೆ ಕೊಂಬೆ ತುರುಕಿ, ದೊಡ್ಡದಕ್ಕೆ ಹಳೆಯ ಕೊಟ್ಟಿಗೆ ಬಾಗಿಲೊಂದನ್ನು ಎಳೆದು ತಂದು ಅಡ್ಡ ನಿಲ್ಲಿಸಿದ್ದಳು. ಕುರಿಗಳು ಅದರ ಹಿಂದೆ ನಿಂತು ಪಂಚಾಯಿತಿ ನೋಡುತ್ತಿದ್ದವು.

"ತಕರಾರು ಏನು ಥರ್ಜತ್ತೆ?" ಎಂದ ವೆಂಡೆಲ್, ಪೆನ್ನು ತೆಗೆದು.

"ಕಣ್ಣಿಗೆ ಕಾಣ್ತಿಲ್ವೇನೋ? ಈ ಕೆಳಗಿನ ಅರ್ಧ ಅವನದು. ಕಟ್ಟಲ್ಲ ಅಂತಾನೆ. ನೀವು ಕಟ್ಟಿಸಿ."

"ಓರಿನ್ ಮಾಮ, ನೀವೇನಂತೀರಿ?"

"ಗೋಡೆ ಬೇಡ ಅಂತೀನಿ," ಎಂದ ಓರಿನ್. ಅವನು ಗೋಡೆಯ ಆಚೆ ಕೈ ಕಟ್ಟಿಕೊಂಡು ನಿಂತಿದ್ದ.

"ಬೇಕೋ ಬೇಡವೋ ಆಮೇಲೆ," ಎಂದಳು ಯೂನಿಸ್. "ಮೊದಲು ಯಾರ ಅರ್ಧ ಯಾವುದು ಅಂತ ಗುರುತು ಮಾಡಬೇಕು. ನಮ್ಮ ಕಡೆ ಪದ್ಧತಿ ಎಲ್ಲಾರ್ಗೂ ಗೊತ್ತಲ್ಲ. ಇಬ್ರೂ ಗೋಡೆ ನಟ್ಟನಡುವೆ ಎದುರುಬದುರು ನಿಂತು ಬಲಗೈ ಚಾಚಬೇಕು. ಯಾರ ಬಲಗೈ ಯಾವ ಕಡೆ ತೋರಿಸುತ್ತೋ ಆ ಅರ್ಧ ಅವರದು."

"ಅದರಲ್ಲಿ ಗುರುತು ಮಾಡೋದೇನು ಬಂತು? ನಮ್ಮಪ್ಪನ ಕಾಲದಿಂದ ಮೇಲಿಂದು ನಂದು."

"ಸುಮ್ನೆ ಶಾಸ್ತ್ರಕ್ಕೆ ಥರ್ಜತ್ತೆ," ಎಂದ ವೆಂಡೆಲ್. ಅವನಿಗೆ ಹನ್ನೆರಡು ವರ್ಷಕ್ಕೊಮ್ಮೆ ಸಿಕ್ಕ ಅವಕಾಶ, ಯಾವ ಶಾಸ್ತ್ರವನ್ನೂ ಬಿಡುವ ಮನಸ್ಸಿರಲಿಲ್ಲ.

"ಅದೆಲ್ಲ ಯಾಕೆ," ಎಂದ ಓರಿನ್ ತಟ್ಟನೆ. "ಕೆಳಗಿಂದು ನಂದೇ. ಬರ್ಕೊಳ್ಳಿ, ಸಾಕು."

"ಯಾಕಂತೆ? ನಿಲ್ಲು ಬಾ," ಎಂದಳು ಥರ್ಜತ್ತೆ. ಅವನು ಹಿಂಜರಿದದ್ದು ನೋಡಿ ಅವಳ ಹುರುಪು ಹೆಚ್ಚಾಯಿತು.

ಇಬ್ಬರೂ ಗೋಡೆಯ ಈಚೆ ಆಚೆ ನಿಂತರು. ಯೂನಿಸ್ ಹೇಳಿದ ಕೂಡಲೇ ಬಲಗೈ ಚಾಚಿದರು. ಓರಿನ್‌ನ ಕೈ ಗುಡ್ಡದ ನೆತ್ತಿಯ ಕಡೆ ಹೋಯಿತು. ಥರ್ಜತ್ತೆಯ ಬಿಳಿ ಪ್ಲಾಸ್ಟರಿನ ಕೈ ನೆಟ್ಟಗೆ ಜೌಗಿನ ಕಡೆ ತೋರಿಸಿತು.

ಅವಳು ತನ್ನ ಕೈಯನ್ನೇ ನೋಡಿದಳು. ಎಡಗೈ ಎತ್ತಿ ನೋಡಿದಳು. ಮತ್ತೆ ಬಲಗೈ ನೋಡಿದಳು.

"ಇದು ತಪ್ಪು," ಎಂದಳು.

ಯೂನಿಸ್ ಹಳೆಯ ದಾಖಲೆಯ ಹಾಳೆ ತಿರುವಿದಳು. ಸಾವಿರದ ಒಂಬೈನೂರ ಹನ್ನೊಂದು. ಏಸಾ ಕೋಲ್ಬಿ, ಕೆಳಗಿನ ಅರ್ಧ. ಗೇಜ್, ಮೇಲಿನ ಅರ್ಧ. ಬರೆದವರು ಅಂದಿನ ಪಂಚರು, ಅದರಲ್ಲೊಬ್ಬ ವೆಂಡೆಲ್‌ನ ತಾತ.

"ಅಂದ್ರೆ ಐವತ್ತೆಂಟು ವರ್ಷ ನಿಮ್ಮ ಎರಡು ಮನೆಯೋರೂ ಅದಲು ಬದಲು ಕಟ್ಟಿದೀರಾ?" ಎಂದ ವೆಂಡೆಲ್. "ಅದು ಹೇಗೆ ಆಯ್ತು?"

"ನಮ್ಮಪ್ಪಂದಿರ ಘನಕಾರ್ಯ," ಎಂದ ಓರಿನ್, ನೆಲ ನೋಡುತ್ತ. "ಒಂದು ಟಗರಿನ ವಿಷಯಕ್ಕೆ ಜಗಳ ಆಡ್ಕೊಂಡಿದ್ರು. ಮುಖ ನೋಡ್ತಿರಲಿಲ್ಲ. ಪಂಚರು ಎದುರುಬದುರು ನಿಲ್ಲಿ ಅಂದ್ರೆ ಆ ಮೂತಿ ಯಾರು ನೋಡ್ತಾರೆ ಅಂತ ಇಬ್ರೂ ಬೆನ್ನು ತಿರುಗಿಸಿ ನಿಂತ್ರಂತೆ. ಬಲಗೈ ಚಾಚಿ ಅಂದ್ರೆ ಚಾಚಿದ್ರು. ಪಂಚರು ಎದುರುಬದುರು ನಿಂತ ಲೆಕ್ಕದಲ್ಲೇ ಪದ್ಧತಿ ಪ್ರಕಾರ ಬರ್ಕೊಂಡು ಹೋದ್ರು, ಇವ್ರು ಕೈ ತೋರಿಸಿದ ಕಡೆ ಕಟ್ಟೋಕೆ ಹೋದ್ರು. ತಪ್ಪಾಗಿದೆ ಅಂತ ಹೇಳೋಕೆ ಮಾತಾಡಬೇಕಲ್ಲ. ಮಾತು ಬಿಟ್ಟಿದ್ರು."

ವೆಂಡೆಲ್ ನಗಲಿಕ್ಕೆ ಬಾಯಿ ತೆರೆದವನು ಥರ್ಜತ್ತೆಯ ಮುಖ ನೋಡಿ ಮುಚ್ಚಿಕೊಂಡ. ಅವಳಿಗೆ ನಗು ಬರುತ್ತಿರಲಿಲ್ಲ. ಬಿದ್ದ ಗೋಡೆ ತನ್ನದು. ಕಟ್ಟುವ ಕೈ ಪ್ಲಾಸ್ಟರಿನಲ್ಲಿದೆ. ಮಾರ್ಜರಿಗೆ ಮಾತು ಕೊಟ್ಟಾಗಿದೆ. ತಾನೇ ಅರ್ಜಿ ಬರೆದು, ತಾನೇ ಪಂಚರನ್ನು ಕರೆಸಿ, ತನ್ನ ಕುರಿಗಳನ್ನು ತಾನೇ ಲಾರಿಗೆ ಹತ್ತಿಸಿದ ಹಾಗಾಯಿತು. ಹಿಂದಿನಿಂದ ಒಂದು ಮರಿ ಅವಳ ಸ್ಕರ್ಟಿನ ಅಂಚು ಚೀಪುತ್ತಿತ್ತು. ಅವಳು ಅದನ್ನು ಬೈಯಲಿಲ್ಲ, ಅದೇ ನೋಡುವವರಿಗೆ ಭಯ ಹುಟ್ಟಿಸಿತು.

"ಒಂದು ದಾರಿ ಇದೆ," ಎಂದಳು ಯೂನಿಸ್ ಕಾನೂನಿನ ಪುಸ್ತಕ ನೋಡುತ್ತ. "ಗೊತ್ತಿಲ್ಲದೆ ತಪ್ಪಾಗಿ ಕಟ್ಟಿದ್ರೆ ಅದು ಲೆಕ್ಕಕ್ಕಿಲ್ಲ. ಆದ್ರೆ ಕಟ್ಟಿದೋರು ತಮ್ಮದಲ್ಲ ಅಂತ ಗೊತ್ತಿದ್ದೂ ಬಹಳ ವರ್ಷ ಕಟ್ಟಿದ್ರೆ, ಆ ರೂಢೀನೇ ನಿಲ್ಲುತ್ತೆ. ಆ ಅರ್ಧ ಅವರದೇ ಆಗುತ್ತೆ."

ಓರಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ನನಗೆ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?" ಎಂದಳು ಥರ್ಜತ್ತೆ.

"ಕೆಳಗಿಂದು ನಿಂದು ಅಂತ. ನಮ್ಮಪ್ಪ ಸತ್ತಾಗ ಪೆಟ್ಟಿಗೇಲಿ ಕಾಗದ ಸಿಕ್ತು. ಸಾಯೋ ಮುಂಚೆ ಟಗರಿನ ಕತೇನೂ ಹೇಳಿದ್ದ. ಮೂವತ್ತೆಂಟನೇ ಇಸವಿ."

"ಮೂವತ್ತೆಂಟು," ಎಂದಳು ಅವಳು. "ಆಗ್ಲೇ ಯಾಕೆ ಹೇಳಲಿಲ್ಲ?"

"ಆ ವರ್ಷ ನಿಮ್ಮಮ್ಮ ಹಾಸಿಗೆ ಹಿಡಿದಿದ್ರು. ಬರೋ ವರ್ಷ ಹೇಳಿದ್ರಾಯ್ತು ಅಂದ್ಕೊಂಡೆ. ಅಷ್ಟರಲ್ಲಿ ಬಿರುಗಾಳಿ ಬಂದು ನಿನ್ನ ಕೊಟ್ಟಿಗೆ ಸೂರು ಹಾರಿಹೋಯ್ತು. ಅದರ ಮುಂದಿನ ವರ್ಷ ಹೇಳೋಣ ಅಂದ್ರೆ," ಓರಿನ್ ಭುಜ ಹಾರಿಸಿದ, "ಅಭ್ಯಾಸ ಆಗಿಬಿಟ್ಟಿತ್ತು."

"ಮತ್ತೆ ಪ್ರತಿ ವರ್ಷ ಇಲ್ಲಿ ನಿಂತ್ಕೊಂಡು ಗೋಡೆ ಬೇಡ, ಗೋಡೆ ಬೇಡ ಅಂತ ನನ್ನ ಪ್ರಾಣ ತಿಂದ್ಯಲ್ಲೋ?"

"ನಿನ್ನ ಕಲ್ಲು ಹೊತ್ತಿದ್ದು ಸಾಲದು ಅಂತ ಗೋಡೇನೂ ಹೊಗಳಬೇಕಿತ್ತಾ?"

ವೆಂಡೆಲ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಕೆಳಗಿನ ಅರ್ಧ ಓರಿನ್ ಮಾಮಂದು ಅಂತಾನೇ ಬರ್ಕೋತೀನಿ."

"ಬರ್ಕೋ," ಎಂದ ಓರಿನ್. "ಇವತ್ತೇ ಶುರು ಮಾಡ್ತೀನಿ." ಮಾತಿಗೆ ಸಾಕ್ಷಿಯೆಂಬಂತೆ ಕಾಲ ಬಳಿ ಬಿದ್ದಿದ್ದ ಕಲ್ಲಿಗೆ ಬಾಗಿದ. ಅರ್ಧ ಎತ್ತಿದ್ದ, ಅಷ್ಟರಲ್ಲಿ ಮುಖ ಬೂದಿಯಾಯಿತು. ಕಲ್ಲು ಕೈಜಾರಿ ಬಿತ್ತು. ಅವನು ಹೊಟ್ಟೆಯ ಕೆಳಗೆ ಕೈಯೊತ್ತಿ ಗೋಡೆಗೆ ಒರಗಿದ.

ಥರ್ಜತ್ತೆ ಕೊಟ್ಟಿಗೆ ಬಾಗಿಲನ್ನು ಕಾಲಿನಿಂದ ಒದ್ದು, ಬಿದ್ದ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಆಚೆ ದಾಟಿದಳು. ಅವನ ತೋಳು ಹಿಡಿದಾಗ ಅಂಗಿಯ ಕೆಳಗೆ ಸೊಂಟಕ್ಕೆ ಬಿಗಿದಿದ್ದ ದಪ್ಪ ಪಟ್ಟಿ ಅವಳ ಪ್ಲಾಸ್ಟರಿಗೆ ತಗುಲಿತು.

"ಹರ್ನಿಯಾನಾ?"

"ಹೂಂ."

"ಯಾವಾಗಿಂದ?"

"ಹೋದ ವರ್ಷ ಗೋಡೆ ಕಟ್ಟಿದ ಮೇಲೆ."

"ಅದಕ್ಕೆ ಈ ವರ್ಷ ಕಟ್ಟಲ್ಲ ಅಂದಿದ್ದು. ಗೋಡೆ ಬೇಡ ಅಂತ ಅಲ್ಲ."

"ಎರಡೂ ನಿಜ," ಎಂದ ಓರಿನ್. ಉಸಿರು ಇನ್ನೂ ಸರಿಯಾಗಿರಲಿಲ್ಲ. "ಕೈಲಾಗಲ್ಲ ಅಂತ ನಿನ್ನ ಹತ್ರ ಹೇಳೋದಕ್ಕಿಂತ ಗೋಡೆ ಬೇಡ ಅನ್ನೋದು ಸುಲಭ."

ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ: ಥರ್ಜತ್ತೆಗೆ ಅಳು ಬಂದಿತ್ತು, ನಾಚಿಕೆಯೂ ಆಗಿತ್ತು. ಮೂವತ್ತು ವರ್ಷ ಇದೇ ಜಾಗದಲ್ಲಿ ಡೋನಟ್ಟು ತಿನ್ನುತ್ತ ಕೂತು, ತನ್ನ ಗೋಡೆ ಕಟ್ಟುತ್ತಿದ್ದವನಿಗೆ ಕಲ್ಲು ಅಲ್ಲಾಡುತ್ತಿದೆ ಎಂದು ಉಪದೇಶ ಮಾಡಿದ್ದಳು.

"ವೆಂಡೆಲ್," ಎಂದಳು. "ಅದನ್ನ ಹೊಡೆದುಹಾಕು. ಕೆಳಗಿನ ಅರ್ಧ ನಂದು."

"ಗೊತ್ತಿದ್ದು ಕಟ್ಟಿದೀನಿ ಅಂತ ಹೇಳಿದ್ನಲ್ಲ," ಎಂದ ಓರಿನ್. "ಕಾನೂನು ಪ್ರಕಾರ ನಂದು."

"ನನ್ನ ಬಲಗೈ ಎಲ್ಲಿ ತೋರಿಸ್ತು ಅಂತ ಇವರಿಬ್ರು ನೋಡಿದಾರೆ. ನಂದು."

"ನೀವಿಬ್ರು ಒಂದು ತೀರ್ಮಾನಕ್ಕೆ ಬನ್ನಿ," ಎಂದ ವೆಂಡೆಲ್, ಅಳುಮುಖ ಮಾಡಿ. "ನಿಂದು ನಿಂದು ಅಂತ ಜಗಳ ಆಡೋರನ್ನ ಬಿಡಿಸೋಕೆ ನಾನು ತಯಾರಾಗಿ ಬಂದಿದ್ದೆ. ನಂದು ನಂದು ಅಂದ್ರೆ ನಾನೇನ್ ಬರೀಲಿ?"

"ಯಾರ್ದಾದ್ರೂ ಆಗ್ಲಿ, ಕಟ್ಟೋರು ಯಾರು?" ಎಂದಳು ಯೂನಿಸ್ ಮೆಲ್ಲಗೆ.

ಥರ್ಜತ್ತೆ ಬಿದ್ದ ಕಲ್ಲುಗಳನ್ನು ನೋಡಿದಳು, ಆಮೇಲೆ ಕುರಿಗಳನ್ನು. ಹೇಳಲೇಬೇಕಿತ್ತು, ಬೇರೆ ದಾರಿಯಿರಲಿಲ್ಲ.

"ನನ್ನ ಕೈಲಾಗಲ್ಲ," ಎಂದಳು.

ಅದು ಅಷ್ಟೇನೂ ಗಟ್ಟಿಯಾಗಿ ಬರಲಿಲ್ಲ. ಆದರೆ ಮೂವರಿಗೂ ಕೇಳಿಸಿತು. ವೆಂಡೆಲ್ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದ.

"ನನ್ನ ಕೈಲೂ ಆಗಲ್ಲ," ಎಂದ ಓರಿನ್.

"ಅದು ಕಂಡಿತು ಬಿಡು." ಅವಳು ಮೂಗೊರೆಸಿಕೊಂಡಳು. "ಗೇಟು ಹಾಕ್ತೀನಿ ಅಂದಿದ್ಯಲ್ಲ. ಆ ಗೇಟು ಇನ್ನೂ ಇದ್ಯಾ, ಮಣ್ಣಾಗಿದ್ಯಾ?"

"ಇದೆ. ಕೀಲುಗಳಿಗೆ ಎಣ್ಣೆ ಹಾಕಬೇಕು."

"ಹಾಕಿದ ಮೇಲೆ ಮುಚ್ಚಬೇಕು. ಹಗಲೂ ರಾತ್ರಿ. ಅಳಿಲು ಬಂದು ಬೇಡ್ಕೊಂಡ್ರೂ ತೆಗೀಕೂಡದು."

"ಮುಚ್ತೀನಿ," ಎಂದ ಓರಿನ್. ಬೇಲಿ ಬಾಗಿಲುಗಳನ್ನು ನಂಬದ ಮನುಷ್ಯನಿಗೆ ಅದು ಸಣ್ಣ ಮಾತಾಗಿರಲಿಲ್ಲ.

ಎರಡೂ ಕಡೆಯವರು ಒಪ್ಪಿದರೆ ನಡುವಿನ ಗೋಡೆಯನ್ನು ಹಾಗೇ ಬಿಟ್ಟು ಎರಡು ಜಮೀನನ್ನೂ ಕೂಡಿ ಮೇಯಿಸಬಹುದು, ಸುತ್ತಲ ಬೇಲಿ ಗಟ್ಟಿಯಿದ್ದರೆ ಸಾಕು ಎಂದು ಯೂನಿಸ್ ಪುಸ್ತಕದಲ್ಲಿ ಬೆರಳಿಟ್ಟು ಓದಿದಳು. ಮಾರ್ಜರಿ ಹೆದರಿದ್ದು ಮರಿಗಳು ರಸ್ತೆಗೆ ಬರುತ್ತವೆ ಎಂದು; ರಸ್ತೆಯ ದಾರಿ ಮುಚ್ಚಿ ಗೋಡೆಯ ಮಾತೇ ಮುಗಿದ ಮೇಲೆ ಅವಳು ಯಾವ ಗೋಡೆ ತೋರಿಸಿ ಲಾರಿ ತರುತ್ತಾಳೆ? ಕುರಿಗಳು ಉಳಿದವು. ಪಂಚರ ಕೆಲಸ ಮುಗಿದಂತೆಯೇ ಆಗಿತ್ತು, ಆದರೆ ಥರ್ಜತ್ತೆ ಬಿಡಲಿಲ್ಲ. ಒಪ್ಪಂದವಾಯಿತು ಎಂದು ಒಂದು ಸಾಲು ಗೀಚಿ ಹೋಗಬಾರದು, ನಡೆದದ್ದನ್ನು ನಡೆದ ಹಾಗೆ ಊರಿನ ದಾಖಲೆಯಲ್ಲಿ ಬರೆಯಬೇಕು ಎಂದಳು.

"ಅದನ್ನೆಲ್ಲ ಯಾಕೆ ಬರೆಸ್ತೀಯ?" ಎಂದ ಓರಿನ್.

"ನೀನು ಸುಮ್ನಿರು. ಯೂನಿಸ್, ನೀನು ಬರಿ, ನಿನ್ನ ಅಕ್ಷರ ಚೆನ್ನಾಗಿದೆ. ಈ ಗೋಡೆಯ ಕೆಳಗಿನ ಅರ್ಧ ಥರ್ಜಾ ಕೋಲ್ಬಿಯದು. ಮೂವತ್ತೊಂದು ವರ್ಷ ಅದನ್ನು ಕಟ್ಟಿದವನು ಓರಿನ್ ಗೇಜ್. ಅವಳಿಗೆ ಅದು ಗೊತ್ತಿರಲಿಲ್ಲ. ಬರೆದ್ಯಾ?"

"ಬರೆದೆ."

"ಮೂವತ್ತು," ಎಂದ ಓರಿನ್.

"ಏನು?"

"ಮೂವತ್ತೊಂದಲ್ಲ, ಮೂವತ್ತು. ಐವತ್ತೆರಡರಲ್ಲಿ ನನಗೆ ನ್ಯುಮೋನಿಯಾ ಆಗಿ ಮಲಗಿದ್ದೆ. ಆ ವರ್ಷ ಇದನ್ನ ಕಟ್ಟಿದ್ದು ನೀನು. ಬೆಳಗ್ಗೆಯಿಂದ ಸಂಜೆ ತನಕ, ಒಬ್ಬಳೇ, ನನ್ನ ಪಾಲು ಅಂದ್ಕೊಂಡು. ಆಮೇಲೆ ನಾನು ಎದ್ದು ಬಂದಾಗ, ಈ ಸಲ ಚಳಿ ಕಡಿಮೆ, ಗೋಡೆ ಬೀಳಲೇ ಇಲ್ಲ ಅಂತ ನನಗೇ ಹೇಳ್ದೆ ನೀನು."

ಥರ್ಜತ್ತೆ ಕೆಂಪಾದಳು. "ನಿನಗೆ ಹೇಗೆ ಗೊತ್ತು?"

"ಮಂಚ ಕಿಟಕಿ ಪಕ್ಕ ಇತ್ತು," ಎಂದ ಓರಿನ್.

ಯೂನಿಸ್ ಮೂವತ್ತೊಂದು ಎಂದು ಬರೆದದ್ದನ್ನು ಹೊಡೆದು ಮೂವತ್ತು ಎಂದು ತಿದ್ದಿದಳು, ಕೆಳಗೆ ಉಳಿದದ್ದನ್ನೂ ಸೇರಿಸಿದಳು. ಓರಿನ್ ರುಜು ಹಾಕಿದ. ಥರ್ಜತ್ತೆ ಎಡಗೈಯಲ್ಲಿ ಪೆನ್ನು ಹಿಡಿದು, ಶಾಲೆಗೆ ಸೇರಿದ ಮೊದಲ ವಾರದ ಮಗುವಿನಂತೆ ಒಂದೊಂದೇ ಅಕ್ಷರ ಬರೆದು, ಅವನ ಹೆಸರಿನ ಪಕ್ಕದಲ್ಲೇ ತನ್ನ ಹೆಸರು ಮುಗಿಸಿದಳು.